ಪಾಯ ತೋಡುವ ಮುಂಚೆ ಮರ ನೆಡು

ಮಗಳೇ,

ದಿಂಡುಗಲ್ ಸೀಮೆಯ ನಮ್ಮ ನಿಲಕ್ಕೋಟ್ಟೈ ತೋಟದಲ್ಲಿ ಮನೆ ಕಟ್ಟುವುದೆಂದು ನೀನೂ ಅಳಿಯಂದಿರೂ ತೀರ್ಮಾನಿಸಿದ್ದು ಕೇಳಿ ನನಗೂ ನಿನ್ನ ದೊಡ್ಡಮ್ಮನಿಗೂ ತುಂಬ ಸಂತೋಷವಾಯಿತು. ನೀನು ಕಳಿಸಿದ ಚಿತ್ರಗಳನ್ನೆಲ್ಲ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದೆ. ಬಿಳಿ ಗೋಡೆ, ಚಪ್ಪಟೆ ತಾರಸಿ, ನೆಲದಿಂದ ಸೂರಿನವರೆಗೆ ಗಾಜು, ಎದುರಿಗೆ ಹಾಸಿದ ಹುಲ್ಲು, ಹುಲ್ಲಿನ ಅಂಚಿಗೆ ನೀಲಿ ಕೊಳ. ಕಣ್ಣಿಗೆ ಚೆಂದವಾಗಿಯೇ ಇವೆ. ಬೇಡ ಅನ್ನುವುದಕ್ಕೆ ನಾನ್ಯಾರು, ನಿನ್ನ ದುಡ್ಡು, ನಿನ್ನ ಪಾಲಿನ ನೆಲ. ಆದರೂ ದುಡಿದಷ್ಟು ಕಾಲವೂ ಕಟ್ಟಡಗಳ ಮೇಲುಸ್ತುವಾರಿಯಲ್ಲೇ ಕಳೆದ ದೊಡ್ಡಪ್ಪ ಹೇಳುವುದನ್ನು ಒಂದಿಷ್ಟು ಕಿವಿಗೆ ಹಾಕಿಕೊ.

ಹೇಳಬೇಕಾದದ್ದು ಒಂದೇ ಮಾತು ಕಣಮ್ಮ. ಮನೆಯ ನಕ್ಷೆಗಿಂತ ಮುಂಚೆ ತೋಟದ ನಕ್ಷೆ ಬರೆಸು. ಒಂದು ವರ್ಷ ಪಾಯ ತೋಡಬೇಡ. ಆ ವರ್ಷದಲ್ಲಿ ಮರ ನೆಡು, ಮಳೆನೀರು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ ನೋಡು, ಯಾವ ತಿಂಗಳು ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ ಗುರುತು ಹಾಕಿಕೊ. ಅಷ್ಟು ಮಾಡಿದ ಮೇಲೆ ಮನೆ ಎಲ್ಲಿ, ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಉಳಿದದ್ದೆಲ್ಲ ಈ ಮಾತಿನ ವಿವರಣೆಯೇ.

ನೀನು ಕಳಿಸಿದ ಮನೆಗಳಲ್ಲಿ ಕೆಲವು ಜಗತ್ಪ್ರಸಿದ್ಧ. ಅವುಗಳ ಚಿತ್ರ ನೋಡಿದ್ದೀಯ, ಕಥೆಯನ್ನೂ ಸ್ವಲ್ಪ ಕೇಳು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನದಿಯ ಪಕ್ಕ ಮೀಸ್ ವಾನ್ ಡರ್ ರೋಹ ಎಂಬ ದೊಡ್ಡ ವಾಸ್ತುಶಿಲ್ಪಿ ಎಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗೆ ಕಟ್ಟಿಕೊಟ್ಟ ಗಾಜಿನ ಮನೆ 1951ರಲ್ಲಿ ಮುಗಿಯಿತು. ನೆರೆ ಬಂದೀತೆಂದು ನೆಲಮಟ್ಟದಿಂದ 5 ಅಡಿಗೂ ಮೇಲೆ ಕಂಬದ ಮೇಲೆ ಕೂರಿಸಿದರು. ಆದರೂ 1954ರಲ್ಲಿ, 1996ರಲ್ಲಿ, 2008ರಲ್ಲಿ ಒಳಗೆ ನೀರು ನುಗ್ಗಿತು. ಬೇಸಿಗೆಯಲ್ಲಿ ಒಳಗಿನ ಸೆಖೆ ತಡೆಯಲಾಗದೆ ಆಕೆ ಗೋಳಾಡಿದರು. ಖರ್ಚಿನ ವಿಷಯಕ್ಕೆ ಇಬ್ಬರೂ ಕೋರ್ಟು ಹತ್ತಿದರು. ಪ್ಯಾರಿಸ್ಸಿನ ಹತ್ತಿರ ಲ ಕಾರ್ಬುಸಿಯೆ 1931ರಲ್ಲಿ ಮುಗಿಸಿದ ವಿಲ್ಲಾ ಸವಾಯ್ ಅನ್ನು ಇವತ್ತಿಗೂ ಎಲ್ಲ ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಆ ಮನೆಯೊಡತಿ ಮಾತ್ರ ತಾರಸಿ ಸೋರುತ್ತದೆಂದು ಅವನಿಗೆ ಪತ್ರದ ಮೇಲೆ ಪತ್ರ ಬರೆದಳು. ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಜಲಪಾತದ ಮೇಲೆಯೇ ಕಟ್ಟಿದ ಮನೆಯ ಚಾಚು ಜಗಲಿಗಳು ವರ್ಷ ಕಳೆದಂತೆ ಬಾಗುತ್ತ ಬಂದು, 2002ರಲ್ಲಿ ಉಕ್ಕಿನ ಹುರಿ ಎಳೆದು ಬಿಗಿಯಬೇಕಾಯಿತು.

ದೊಡ್ಡವರನ್ನು ಆಡಿಕೊಳ್ಳುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರು ಕತ್ತಲೆ ತುಂಬಿದ ಮನೆಗಳಿಗೆ ಬೆಳಕು ತಂದರು, ಒಳಗನ್ನೂ ಹೊರಗನ್ನೂ ಬೆಸೆದರು, ಅಡುಗೆಮನೆಯನ್ನು ಮೂಲೆಯಿಂದ ಎಬ್ಬಿಸಿದರು. ನಮ್ಮ ಹಳೆಯ ಮನೆಯ ಹೊಗೆ ತುಂಬಿದ ಅಡುಗೆಕೋಣೆಯಲ್ಲಿ ಕಣ್ಣು ಕೆಡಿಸಿಕೊಂಡವಳು ನಿನ್ನ ಅಜ್ಜಿ. ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳಿದರೆ ಆಕೆ ಒಪ್ಪುತ್ತಿರಲಿಲ್ಲ. ಆದರೆ ಆ ಮನೆಗಳು ಎದ್ದದ್ದು ಚಳಿ ದೇಶದಲ್ಲಿ. ಅಲ್ಲಿ ಬಿಸಿಲು ಅಪರೂಪದ ಅತಿಥಿ, ಒಳಗೆ ಕರೆಯುವುದೇ ಮರ್ಯಾದೆ. ನಮ್ಮಲ್ಲಿ ಅವನನ್ನು ಜಗಲಿಯಲ್ಲೇ ಮಾತಾಡಿಸಿ ಕಳಿಸಬೇಕು. ಇದನ್ನು ಕಾರ್ಬುಸಿಯೆಯೇ ನಮ್ಮ ದೇಶಕ್ಕೆ ಬಂದ ಮೇಲೆ ಅರಿತುಕೊಂಡ. 1950ರ ದಶಕದಲ್ಲಿ ಅಹಮದಾಬಾದಿನಲ್ಲಿ ಮನೋರಮಾ ಸಾರಾಭಾಯಿ ಅವರಿಗೆ ಕಟ್ಟಿದ ಮನೆಯಲ್ಲಿ ಗಾಳಿ ಬರುವ ದಿಕ್ಕಿಗೆ ಸಾಲಾಗಿ ತಗ್ಗು ಕಮಾನುಗಳು, ಮುಂದೆ ಆಳವಾದ ಪಡಸಾಲೆ, ಕಮಾನುಗಳ ಮೇಲೆ ಮಣ್ಣು ತುಂಬಿ ಬೆಳೆಸಿದ ಹುಲ್ಲು. ತೋಟವನ್ನೇ ಸೂರಿನ ಮೇಲೆ ಹತ್ತಿಸಿದ. ನಿನ್ನ ವಾಸ್ತುಶಿಲ್ಪಿಗೆ ತೋರಿಸಬೇಕಾದ ಚಿತ್ರ ಅದು.

ಇನ್ನೂ ಹತ್ತಿರದ ಮಾದರಿ ಬೇಕಾದರೆ ಮಧುರೈಗೇ ಹೋಗು. ಶ್ರೀಲಂಕಾದ ಜೆಫ್ರಿ ಬಾವಾ ಹೆಸರು ಕೇಳಿರುತ್ತೀಯ. ಮೊದಲು ವಕೀಲ, ವಾಸ್ತುಶಿಲ್ಪಿಯಾಗಿ ಅರ್ಹತೆ ಪಡೆಯುವ ಹೊತ್ತಿಗೆ, 1957ರಲ್ಲಿ, ವಯಸ್ಸು 38. ಅವನು ನಮ್ಮ ಕಡೆಗೂ ಬಂದು ಕೆಲಸ ಮಾಡಿದ್ದಾನೆಂಬುದು ಇಲ್ಲಿಯವರಲ್ಲೇ ಅನೇಕರಿಗೆ ತಿಳಿಯದು. 1960ರ ದಶಕದ ನಡುವಿನಲ್ಲಿ ಮಧುರೈ ಹತ್ತಿರದ ಬಾಯ್ಸ್ ಟೌನ್‌ಗೆ, ಅಂದರೆ ಬಡ ಹುಡುಗರ ವಸತಿ ಮತ್ತು ಕಸುಬು ಕಲಿಯುವ ಜಾಗಕ್ಕೆ ವಿನ್ಯಾಸ ಮಾಡಿದ. 1970ರ ದಶಕದ ಆರಂಭದಲ್ಲಿ ಕೊಚ್ಚಡೈಯಲ್ಲಿ ಮಧುರೈ ಕ್ಲಬ್ ಕಟ್ಟಿದ. ಅದು ಈಗ ಹೋಟೆಲಿನ ಭಾಗವಾಗಿದೆ. ಶೋಳವಂದಾನ್ ದಾರಿ ಹಿಡಿದು ಮಧುರೈಗೆ ಹೋದರೆ ಊರ ಅಂಚಿಗೇ ಸಿಗುತ್ತದೆ. ಒಂದು ಕಾಫಿ ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಕೂತು ನೋಡು. ಕಾಡುಗಲ್ಲಿನ ಗೋಡೆ, ಕೆಡವಿದ ಹಳೆಯ ಮನೆಗಳಿಂದ ತಂದ ಕಂಬ ಬಾಗಿಲು, ಸುತ್ತ ದೊಡ್ಡ ದೊಡ್ಡ ಮರ. ಹೊಸ ಕಾಲದ ಮನಸ್ಸು, ಕೈ ಮಾತ್ರ ನಮ್ಮೂರ ಕಲ್ಲುಕುಟಿಗನದು. ಬಾಯ್ಸ್ ಟೌನ್‌ಗಾಗಿ ದುಡಿದ ಬ್ರದರ್ ಜೇಮ್ಸ್ ಕಿಂಪ್ಟನ್ ಮುಂದೆ ವತ್ತಲಗುಂಡಿನ ಆಚೆ ಜಿ. ಕಲ್ಲುಪಟ್ಟಿಯಲ್ಲಿ ನೆಲೆ ನಿಂತು ಬಡವರಿಗೆ ಸಾವಿರಾರು ಮನೆ ಕಟ್ಟಿಸಿದರು. ಬಡವನ ಮನೆಯಾದರೂ ನಿನ್ನ ತೋಟದ ಮನೆಯಾದರೂ ಈ ನೆಲದಲ್ಲಿ ಬೇಕಾದದ್ದು ನೆರಳು, ಗಾಳಿ, ಸೋರದ ಸೂರು. ಅದಾದ ಮೇಲೆ ಉಳಿದ ಅಲಂಕಾರ.

ಬಾವಾನ ಸ್ವಂತ ಹಳ್ಳಿಮನೆ ಲುನುಗಂಗಾ, ಬೆಂಟೋಟ ಹತ್ತಿರ. 1948ರಲ್ಲಿ ಹಳೆಯ ರಬ್ಬರ್ ತೋಟವೊಂದನ್ನು ಕೊಂಡ. ಅಲ್ಲಿ ಮೊದಲೇ ಒಂದು ಬಂಗಲೆಯಿತ್ತು. ಅದನ್ನು ಕೆಡವಿ ಅರಮನೆ ಎಬ್ಬಿಸಲಿಲ್ಲ. ಎಲ್ಲಿ ಮರ ಕಡಿದರೆ ಕೆರೆ ಕಾಣುತ್ತದೆ, ದಿಣ್ಣೆ ಎಷ್ಟು ತಗ್ಗಿಸಿದರೆ ದೂರದ ಬೌದ್ಧ ಗುಡಿ ಕಾಣುತ್ತದೆ ಎಂದು ನೋಡುತ್ತ ಹೋದ. ನಡುವೆ ಹಾದುಹೋಗುವ ರಸ್ತೆ ನೋಟಕ್ಕೆ ಅಡ್ಡಬಾರದೆಂದು ಅದು ತಗ್ಗಿನಲ್ಲಿ ಮರೆಯಾಗುವಂತೆ ಮಾಡಿದ. ದೇವಕಣಗಿಲೆಯ ಕೊಂಬೆಗಳಿಗೆ ಭಾರ ಕಟ್ಟಿ ತನಗೆ ಬೇಕಾದಂತೆ ಬಾಗಿಸಿದ. 2003ರಲ್ಲಿ ತೀರಿಕೊಳ್ಳುವವರೆಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೋಟದ ಜೊತೆಗೇ ಮನೆಯೂ ಒಂದೊಂದು ಕೋಣೆಯಾಗಿ ಬೆಳೆಯಿತು. ನಿನಗೆ ಐವತ್ತು ವರ್ಷ ಕಾಯಲು ನಾನು ಹೇಳುವುದಿಲ್ಲ ತಾಯಿ. ಒಂದು ವರ್ಷ ಕಾಯಿ ಅನ್ನುತ್ತೇನೆ ಅಷ್ಟೇ.

ಈಗ ನಮ್ಮ ನೆಲಕ್ಕೆ ಬರೋಣ. ನಿನ್ನ ಚಿತ್ರದಲ್ಲಿ ದೊಡ್ಡ ಗಾಜಿನ ಗೋಡೆ ಕೊಡೈಕಾನಲ್ ಬೆಟ್ಟದ ಕಡೆಗಿದೆ. ಆಸೆ ನನಗೆ ಅರ್ಥವಾಗುತ್ತದೆ, ಮಳೆಗಾಲದಲ್ಲಿ ಆ ಬೆಟ್ಟಸಾಲು ನೀಲಿ ಮೋಡದ ಹಾಗೆ ಕಾಣುತ್ತದೆ. ಆದರೆ ದಿಕ್ಕು ಯಾವುದು ನೋಡಿದೆಯಾ? ಕೊಡೈ ಬೆಟ್ಟ ನಮಗೆ ಪಡುವಣಕ್ಕೆ, ಸ್ವಲ್ಪ ಬಡಗಣಕ್ಕೆ ತಿರುಗಿ. ಚೈತ್ರದಿಂದ ಆಷಾಢದವರೆಗೆ ಸಂಜೆಯ ಸೂರ್ಯ ಇಳಿಯುವುದೂ ಸರಿಯಾಗಿ ಅತ್ತಲೇ. ಮೂರು ಗಂಟೆಯಿಂದ ಆರರವರೆಗೆ ಓರೆಬಿಸಿಲು ನೇರ ಒಳಗೆ ಬರುತ್ತದೆ. ಎಷ್ಟು ಉದ್ದದ ಸಜ್ಜಾ ಹಾಕಿದರೂ ಓರೆಬಿಸಿಲನ್ನು ತಡೆಯಲಾಗದು.

ಲೆಕ್ಕ ಹೇಳುತ್ತೇನೆ, ಬರೆದಿಟ್ಟುಕೊ. ನಮ್ಮೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 10 ಡಿಗ್ರಿ. ಏಪ್ರಿಲ್ ನಡುವಿನಲ್ಲಿ ಒಮ್ಮೆ, ಆಗಸ್ಟ್ ಕೊನೆಯಲ್ಲಿ ಇನ್ನೊಮ್ಮೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಅವೆರಡರ ನಡುವಿನ ನಾಲ್ಕು ತಿಂಗಳು ಚಿಲ್ಲರೆ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಹಾಗಾಗಿ ಬಡಗಣ ಗೋಡೆಗೂ ಸಜ್ಜಾ ಬೇಕು. ಉತ್ತರಕ್ಕೆ ಬಿಸಿಲೇ ಬೀಳುವುದಿಲ್ಲವೆಂದು ದಿಲ್ಲಿಯವರು ಬರೆದ ಪುಸ್ತಕ ನೋಡಿ ಹೇಳುವವರ ಮಾತು ಕೇಳಬೇಡ. ಡಿಸೆಂಬರ್ ಕೊನೆಗೆ ಸೂರ್ಯ ದಕ್ಷಿಣಕ್ಕೆ ಸುಮಾರು 33 ಡಿಗ್ರಿ ವಾಲುತ್ತಾನೆ. ತೆಂಕಣ ಕಿಟಕಿಗೆ 2 ಅಡಿ ಸಜ್ಜಾ ಇದ್ದರೆ ಆಗಲೂ ನಡುಮಧ್ಯಾಹ್ನ ಅದರ ಕೆಳಗೆ 3 ಅಡಿ ನೆರಳು ಬೀಳುತ್ತದೆ. ಉತ್ತರ ದಕ್ಷಿಣಗಳನ್ನು ಹೀಗೆ ಸಜ್ಜಾದಿಂದಲೇ ಕಾಯಬಹುದು. ಪಡುವಣವನ್ನು ಮರ ಮಾತ್ರ ಕಾಯುತ್ತದೆ. ಪಾಯಕ್ಕಿಂತ ಮುಂಚೆ ಮರ ಎಂದದ್ದು ಇದಕ್ಕೇ. ಗೋಡೆ ಆರು ತಿಂಗಳಲ್ಲಿ ಏಳುತ್ತದೆ, ಬೇವು ಏಳುವುದಿಲ್ಲ.

ಮನೆಯ ಮುಖವನ್ನು ಮೂಡಣಕ್ಕೆ, ಸಿರುಮಲೈ ಬೆಟ್ಟದ ಕಡೆ ತಿರುಗಿಸು. ಬೆಳಗಿನ ಬಿಸಿಲು ಹತ್ತು ಗಂಟೆಗೆಲ್ಲ ಮೇಲೇರುತ್ತದೆ, ಕಾಟ ಕೊಡುವುದಿಲ್ಲ. ಸಂಜೆ ಮನೆಯ ನೆರಳು ಪೂರ್ವದ ಅಂಗಳಕ್ಕೆ ಬೀಳುತ್ತದೆ. ಪಡುವಣ ಬಿಸಿಲು ಎದುರಿನ ಸಿರುಮಲೈ ಮೇಲೆ ಬಿದ್ದು ಬೆಟ್ಟದ ಒಂದೊಂದು ಮಡಿಕೆಯೂ ಕಾಣುತ್ತದೆ. ಗಾಜು ಎಷ್ಟು ಬೇಕೋ ಅಷ್ಟನ್ನು ಆ ಕಡೆ ಹಾಕಿಸು. ಕೊಡೈ ಬೆಟ್ಟವೂ ಬೇಕೇ ಬೇಕೆಂದರೆ ಆ ಕಡೆ 10 ಅಡಿ ಆಳದ ಪಡಸಾಲೆ ಮಾಡಿಸಿ ಸೂರನ್ನು ತಗ್ಗಿಸು. ಕುರ್ಚಿಯಲ್ಲಿ ಕೂತಾಗ ಬೆಟ್ಟ ಕಂಡರೆ ಸಾಕು. ಮರದ ಸಾಲಿನಲ್ಲಿ ಒಂದು ಕಡೆ ಮಾತ್ರ ಕಂಡಿ ಬಿಡು. ಬಾವಾ ಲುನುಗಂಗೆಯಲ್ಲಿ ಮಾಡಿದ್ದು ಇದನ್ನೇ. ಇಡೀ ನೋಟವನ್ನು ಬಿಚ್ಚಿಡದೆ, ನಡೆಯುತ್ತ ಹೋದವರಿಗೆ ಒಂದೊಂದಾಗಿ ಸಿಗುವಂತೆ ಮಾಡಿದ.

ಗಾಳಿಯ ಮಾತು. ಕಂಬಂ ಕಣಿವೆಯಿಂದ ಬೀಸಿ ಬರುವ ಆಡಿ ತಿಂಗಳ ಗಾಳಿ ನಿನಗೆ ಗೊತ್ತಲ್ಲ, ತೇನಿ ಕಡೆ ಹೋಗುವಾಗ ಆಂಡಿಪಟ್ಟಿ ಸುತ್ತ ಗಾಳಿಯಂತ್ರಗಳ ಸಾಲು ನೋಡಿದ್ದೀಯ. ಆ ಗಾಳಿ ಬರುವುದು ಪಡುವಣದಿಂದ, ಧೂಳನ್ನೂ ಹೊತ್ತುಕೊಂಡು. ಬಿಸಿಲೂ ಅಲ್ಲಿಂದ, ಗಾಳಿಯೂ ಅಲ್ಲಿಂದ. ಒಂದನ್ನು ತಡೆದು ಇನ್ನೊಂದನ್ನು ಒಳಗೆ ಬಿಡಬೇಕು. ಪಡುವಣ ಗೋಡೆಯನ್ನು ಪೂರ್ತಿ ಮುಚ್ಚಬೇಡ. ಇಟ್ಟಿಗೆಯ ಜಾಲಿ ಹಾಕಿಸು, ಅದರ ಹೊರಗೆ ಹೊಂಗೆಯ ಸಾಲು. ಹೊಂಗೆಯ ನೆರಳು ದಾಟಿ ಬಂದ ಗಾಳಿಯಲ್ಲಿ ಸೆಖೆ ಇಳಿದಿರುತ್ತದೆ, ಎಲೆಗಳು ಧೂಳನ್ನೂ ಹಿಡಿಯುತ್ತವೆ. ಎದುರಿನ ಮೂಡಣ ಗೋಡೆಯಲ್ಲಿ ಇನ್ನೂ ದೊಡ್ಡ ಕಿಟಕಿಗಳಿರಲಿ, ಒಳಗೆ ಬಂದ ಗಾಳಿಗೆ ಹೊರಗೆ ಹೋಗುವ ದಾರಿ ಬೇಕು. ಅಡುಗೆಮನೆಯನ್ನು ಮೂಡಣ ಬದಿಗೆ ಇಡು. ನಿಮ್ಮ ಕಾಲದ ಹಾಗೆ ಹಜಾರಕ್ಕೆ ತೆರೆದ ಅಡುಗೆಮನೆಯೇ ಇರಲಿ, ನನ್ನ ತಕರಾರಿಲ್ಲ. ಗಾಳಿಯ ಕೊನೆಯಲ್ಲಿದ್ದರೆ ಒಗ್ಗರಣೆಯ ಘಾಟು ಮನೆಯೆಲ್ಲ ಸುತ್ತುವುದಿಲ್ಲ. ಕಕ್ಕಸು ಬಚ್ಚಲುಗಳಿಗೂ ಇದೇ ಮಾತು. ವಾಸ್ತು ನೋಡುವವರು ಆಗ್ನೇಯ ಅಂದರೆ ಅದಕ್ಕೂ ಹೊಂದುತ್ತದೆ, ಜಗಳವಿಲ್ಲ.

ಮನೆಯ ನಡುವೆ ತೊಟ್ಟಿಯಂಗಳ ಬೇಕೆಂದು ಬರೆದಿದ್ದೀಯ. ಒಳ್ಳೆಯದು. ಬಾವಾ 1960ರ ದಶಕದ ಆರಂಭದಲ್ಲಿ ಕೊಲಂಬೊ ನಗರದಲ್ಲಿ ಕಲಾವಿದೆ ಎನಾ ಡಿ ಸಿಲ್ವಾ ಅವರಿಗೆ ಕಟ್ಟಿದ ಮನೆ ಹೊಸ ಕಾಲದ್ದೇ, ಆದರೆ ಅಂಗಳದ ಸುತ್ತ ಬೆಳೆದದ್ದು. ಕೊನೆಗೆ ಆ ಮನೆಯನ್ನು ಬಿಚ್ಚಿ ಲುನುಗಂಗೆಗೆ ಸಾಗಿಸಿ ಮತ್ತೆ ಜೋಡಿಸಿದರು, ಅಷ್ಟು ಬೆಲೆ ಅದಕ್ಕೆ. ನಿನ್ನ ತೊಟ್ಟಿಯ ಅಗಲ ಮಾತ್ರ ಹಿಡಿತದಲ್ಲಿರಲಿ. ಗೋಡೆಯ ಎತ್ತರಕ್ಕಿಂತ ಅಗಲ ಹೆಚ್ಚಾದಷ್ಟೂ ನೆರಳು ಕಡಿಮೆ, ಕಲ್ಲುಹಾಸು ಕಾಯ್ದು ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ಹನ್ನೆರಡಡಿ ಚೌಕ ಸಾಕು. ನಡುವೆ ಒಂದು ಗಿಡ, ನಾಲ್ಕು ಅಂಚಿಗೆ ನೀರು ಹೊರಹೋಗುವ ದಾರಿ.

ಸೂರಿನ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಇಡೀ ಮನೆಯಲ್ಲಿ ಹೆಚ್ಚು ಬಿಸಿಲು ಉಣ್ಣುವುದು ಅದೇ. ನೀವಿರುವ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ನಾವು ಅದರ ಅರ್ಧ ಎತ್ತರದಲ್ಲೂ ಇಲ್ಲ. ಅಲ್ಲಿ ನಡೆಯುವ ಬೋಳು ಆರ್‌ಸಿಸಿ ಇಲ್ಲಿ ನಡೆಯದು. ಚಪ್ಪಟೆ ತಾರಸಿಯೇ ಬೇಕೆಂದರೆ ಮೂರು ಕೆಲಸ ತಪ್ಪಿಸಬೇಡ. ಒಂದು, ನೂರಡಿಗೆ ಒಂದಡಿಯಾದರೂ ಇಳಿಜಾರು ಕೊಟ್ಟು ನಾಲ್ಕಿಂಚಿನ ಕೊಳವೆಗಳನ್ನು ಧಾರಾಳವಾಗಿ ಇಡಿಸು. ನಮ್ಮ ಐಪ್ಪಸಿ ತಿಂಗಳ ಮಳೆ ಸೋನೆಯಾಗಿ ಬರುವುದಿಲ್ಲ, ಬಂದರೆ ಒಂದೇ ಸಲ ಸುರಿಯುತ್ತದೆ. ಎರಡು, ಸ್ಲ್ಯಾಬಿನ ಮೇಲೆ ಇಟ್ಟಿಗೆ ಜಲ್ಲಿ ಸುಣ್ಣದ ಗಾರೆ ಹಾಕಿಸಿ, ಅದರ ಮೇಲೆ ಸುಟ್ಟಮಣ್ಣಿನ ಚಪ್ಪಟೆ ಹೆಂಚು ಒತ್ತಿಸು. ಮೂರು, ಕ್ಯೂರಿಂಗಿಗೆ ಎರಡು ವಾರ ನೀರು ನಿಲ್ಲಿಸು, ಮೇಸ್ತ್ರಿ ಅವಸರ ಮಾಡಿದರೂ ಬಿಡಬೇಡ. ಸುಣ್ಣವೆಂದರೆ ಈಗಿನವರಿಗೆ ಅನುಮಾನ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟನ್ನು ಎಂಜಿನಿಯರ್ ಪೆನ್ನಿಕ್ವಿಕ್ ಸುಣ್ಣ ಸುರ್ಕಿಯಲ್ಲೇ ಕಟ್ಟಿದ್ದು. ಪೇರಣೈಯಿಂದ ಹೊರಡುವ ಕಾಲುವೆಯಲ್ಲಿ ಇವತ್ತಿಗೂ ಅದೇ ನೀರು ಹರಿದು ಗದ್ದೆ ಬೆಳೆಯುತ್ತಿದೆ.

ಇನ್ನೊಂದು ದಾರಿ ಲಾರಿ ಬೇಕರ್ ತೋರಿಸಿದ್ದು. ಬ್ರಿಟನ್ನಿನಲ್ಲಿ ಹುಟ್ಟಿ ತಿರುವನಂತಪುರದವನೇ ಆಗಿಹೋದ ಆ ಮನುಷ್ಯ ಸ್ಲ್ಯಾಬಿನ ಕೆಳಭಾಗದಲ್ಲಿ, ಕಾಂಕ್ರೀಟು ಭಾರ ಹೊರದೆ ಸುಮ್ಮನೆ ಇರುವ ಜಾಗದಲ್ಲಿ, ಮಂಗಳೂರು ಹೆಂಚು ಕೂರಿಸಿ ಮೋಲ್ಡ್ ಹಾಕಿಸುತ್ತಿದ್ದ. ಸಿಮೆಂಟೂ ಉಳಿಯಿತು, ಸೆಖೆಯೂ ತಗ್ಗಿತು. ಅವನ ಇಲಿಬೋನು ಕಟ್ಟಿನಲ್ಲಿ, ಅಂದರೆ ರ‍್ಯಾಟ್ ಟ್ರ್ಯಾಪ್ ಬಾಂಡಿನಲ್ಲಿ, ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುತ್ತಾರೆ. ಇಟ್ಟಿಗೆ ನಾಲ್ಕರಲ್ಲಿ ಒಂದು ಪಾಲು ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಅಳಿಯಂದಿರಿಗೆ ಮಣ್ಣಿನ ಇಟ್ಟಿಗೆ ಇಷ್ಟವೆಂದು ಬರೆದಿದ್ದೀಯ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಅದರ ಮೇಲೆ ಕೆಲಸ ಮಾಡಿದೆ, ಕೆ. ಎಸ್. ಜಗದೀಶ್ ಅವರಂಥವರು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ನಂಬಿಕೆಗೆ ತಂದವರು. ನಮ್ಮ ತೋಟದ ಕೆಂಪು ಮಣ್ಣು ಅದಕ್ಕೆ ಹೊಂದಬಹುದು, ಮೊದಲು ಪರೀಕ್ಷೆ ಮಾಡಿಸು. ತಗ್ಗಿನ ಕಡೆ ಎರೆಮಣ್ಣಿನ ಪಟ್ಟೆ ಸಿಕ್ಕರೆ ಅಲ್ಲಿ ಮನೆಯನ್ನೇ ಇಡಬೇಡ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣದು, ಗೋಡೆಯೂ ಜೊತೆಗೇ ಬಿರಿಯುತ್ತದೆ. ಗೆದ್ದಲಿನ ಔಷಧಿಯನ್ನು ಪಾಯದ ಹಂತದಲ್ಲೇ ಹಾಕಿಸು, ಆಮೇಲೆ ಹಾಕಿಸಿದರೆ ಅರ್ಧ ಫಲ. ನೆಲಗಟ್ಟು ಎರಡೂವರೆ ಅಡಿಯಾದರೂ ಏಳಲಿ, ಇದು ತೋಟ, ಹಾವು ಚೇಳು ಇಲ್ಲಿಯ ಹಳೆಯ ನಿವಾಸಿಗಳು.

ನೀರಿನ ಲೆಕ್ಕ ಕೇಳು. ನಮ್ಮಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್, ಅದರಲ್ಲಿ ದೊಡ್ಡ ಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ಮುಂಗಾರು ಘಟ್ಟದ ಆಚೆಯೇ ಸುರಿದುಹೋಗುತ್ತದೆ. ಸಾವಿರ ಚದರಡಿ ಸೂರಿನ ಮೇಲೆ ವರ್ಷಕ್ಕೆ 74,000 ಲೀಟರ್ ಬೀಳುತ್ತದೆ. ಐದರಲ್ಲಿ ನಾಲ್ಕು ಪಾಲು ಹಿಡಿದರೂ 59,000 ಲೀಟರ್ ನಿನ್ನದು. ಮಳೆಕೊಯ್ಲು ತಮಿಳುನಾಡಿನಲ್ಲಿ 2003ರಿಂದ ಕಡ್ಡಾಯ, ಕಾನೂನಿಗೆಂದು ಮಾತ್ರ ಗುಂಡಿ ತೋಡಿ ಮರೆಯಬೇಡ. ಸೂರಿನ ನೀರು ಮೊದಲು ಕುಡಿಯುವ ನೀರಿನ ತೊಟ್ಟಿಗೆ, ಹೆಚ್ಚಾದದ್ದು ಬಾವಿಗೆ ಹೋಗಲಿ.

ಇದನ್ನು ಕೈಯಲ್ಲಿಟ್ಟುಕೊಂಡು ನಿನ್ನ ಹುಲ್ಲುಹಾಸಿನ ಲೆಕ್ಕ ಹಾಕು. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲು ದಿನಕ್ಕೆ ಹೆಚ್ಚುಕಡಿಮೆ 5 ಲೀಟರ್ ಕುಡಿಯುತ್ತದೆ. ಸಾವಿರ ಚದರಡಿಗೆ ದಿನಕ್ಕೆ 460 ಲೀಟರ್ ದಾಟಿತು. ಸೂರಿನಿಂದ ವರ್ಷವಿಡೀ ಹಿಡಿದ ನೀರನ್ನು ಅದು ನಾಲ್ಕು ತಿಂಗಳು ಚಿಲ್ಲರೆಯಲ್ಲಿ ಮುಗಿಸುತ್ತದೆ. ದನಕ್ಕೂ ಇಲ್ಲ, ದೇವರಿಗೂ ಇಲ್ಲ. ಮಕ್ಕಳು ಹೊರಳಾಡುವುದಕ್ಕೆ ಬೇಕೆಂದರೆ ಅಂಗಳದಲ್ಲಿ ಒಂದು ಚಾಪೆಯಷ್ಟು ಜಾಗ ಸಾಕು. ಉಳಿದ ಅಂಗಳ ಗಟ್ಟಿ ಮಾಡಿದ ಕೆಂಪು ಮಣ್ಣಿನದಿರಲಿ, ಗುಡಿಸಿದರೆ ಅದರ ಅಂದವೇ ಬೇರೆ. ಅಂಚಿಗೆ ದಾಸವಾಳ, ನಂದಿಬಟ್ಟಲು, ಕರಿಬೇವು, ಲಿಂಬೆ.

ನೀಲಿ ಕೊಳದ ಆಸೆಗೂ ನನ್ನಲ್ಲಿ ಉಪಾಯವಿದೆ. ಪಂಪ್‌ಸೆಟ್ಟಿನ ನೀರು ಬೀಳುವ ತೊಟ್ಟಿ ಹೇಗೂ ಬೇಕು. ಅದನ್ನೇ 12 ಅಡಿ ಅಗಲ, 20 ಅಡಿ ಉದ್ದ, 4 ಅಡಿ ಆಳಕ್ಕೆ ಚೆನ್ನಾಗಿ ಕಟ್ಟಿಸಿ ಒಳಗೆ ಕಡಪ ಕಲ್ಲು ಹೊದಿಸು. ಇಪ್ಪತ್ತೇಳು ಸಾವಿರ ಲೀಟರ್ ಹಿಡಿಯುತ್ತದೆ. ಮಕ್ಕಳು ಈಜಲಿ, ಕ್ಲೋರಿನ್ ಹಾಕಬೇಡ. ಮಾರನೆಯ ದಿನ ಅದೇ ನೀರು ಮಲ್ಲಿಗೆ ಸಾಲಿಗೆ ಹರಿಯಲಿ, ಮತ್ತೆ ಹೊಸ ನೀರು ತುಂಬಲಿ. ಪಂಪ್‌ಸೆಟ್ ತೊಟ್ಟಿಯಲ್ಲಿ ಮುಳುಗಿ ಬೆಳೆದವಳು ನೀನು, ಹೆಚ್ಚು ಹೇಳಬೇಕಾಗಿಲ್ಲ.

ಮಲ್ಲಿಗೆ ತೆಗೆಯುವ ಯೋಚನೆ ಮಾತ್ರ ಮಾಡಬೇಡ. ಮಧುರೈ ಮಲ್ಲಿಗೆಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ದಿಂಡುಗಲ್ ಜಿಲ್ಲೆಯೂ ಅದರಲ್ಲಿ ಸೇರಿದೆ, ನಿಲಕ್ಕೋಟ್ಟೈ ಹೂವಿನ ಮಂಡಿ ಕೂಗಳತೆಯಲ್ಲಿದೆ. ನಾಲ್ಕಡಿ ಚಿಲ್ಲರೆ ಅಂತರದಲ್ಲಿ ನೆಟ್ಟರೆ ಎಕರೆಗೆ ಎರಡೂವರೆ ಸಾವಿರ ಗಿಡ. ಕಾರ್ತಿಕ ಮುಗಿಯುವ ಹೊತ್ತಿಗೆ ಸವರಿದರೆ ಮಾರ್ಚಿನಿಂದ ಮೊಗ್ಗು. ತೋಟದ ಮನೆಯೆಂದರೆ ದುಡಿಯುವ ತೋಟದ ನಡುವಿನ ಮನೆ. ತೋಟ ದುಡಿದರೆ ಮನೆಯ ರಿಪೇರಿಗೆ ಬೆಂಗಳೂರಿನ ಸಂಬಳಕ್ಕೆ ಕೈ ಹಾಕಬೇಕಿಲ್ಲ. ಆದರೆ ಒಂದು ಎಚ್ಚರಿಕೆ, ಇದನ್ನು ಯಾವ ವಾಸ್ತುಶಿಲ್ಪಿಯೂ ಹೇಳುವುದಿಲ್ಲ. ಮಲ್ಲಿಗೆಗೆ ಮೊಗ್ಗುಹುಳುವಿನ ಕಾಟ ಜಾಸ್ತಿ, ಹಾಗಾಗಿ ಔಷಧಿ ಹೊಡೆಯುವುದೂ ಜಾಸ್ತಿ. ಕಿಟಕಿಯ ಕೆಳಗೆ ಘಮಘಮ ಇರಲೆಂದು ಪಡುವಣ ಗೋಡೆಗೆ ಅಂಟಿಸಿ ಮಲ್ಲಿಗೆ ಸಾಲು ಇಟ್ಟರೆ ಔಷಧಿಯೂ ಗಾಳಿಯ ಜೊತೆ ಮಲಗುವ ಕೋಣೆಗೆ ಬರುತ್ತದೆ. ಮಾರುವ ಮಲ್ಲಿಗೆ ಮನೆಯಿಂದ ಮೂಡಣಕ್ಕೆ, ಮೂವತ್ತು ನಲವತ್ತು ಅಡಿ ದೂರವಿರಲಿ. ಮುಡಿಯುವುದಕ್ಕೆಂದು ನಾಲ್ಕು ಬಳ್ಳಿ ಪಡಸಾಲೆಯ ಕಂಬಕ್ಕೆ ಹಬ್ಬಿಸು, ಅದಕ್ಕೆ ಔಷಧಿ ಬೇಡ.

ಮರಗಳ ಅಂತರವೂ ತಿಳಿದಿರಲಿ. ಬೇವು, ಹೊಂಗೆ ಗೋಡೆಯಿಂದ 15ರಿಂದ 20 ಅಡಿ ಆಚೆ. ಆಲ, ಅರಳಿಗಳನ್ನು ಮನೆಯ ಹತ್ತಿರ ತರಲೇಬೇಡ, ಬೇಲಿಯ ಕಡೆ ಇರಲಿ. ತೆಂಗಿನ ಕೆಳಗೆ ಕಾರು ನಿಲ್ಲಿಸುವ ಜಾಗ ಮಾಡಬೇಡ. ಈಗಾಗಲೇ ನಿಂತಿರುವ ಹುಣಸೆಮರವನ್ನು ಕಡಿಸುವ ಮಾತು ಆಡಬೇಡ, ಅದು ಬೆಳೆಯಲು ಮೂರು ತಲೆಮಾರು ಹಿಡಿದಿದೆ. ಬೇಕಾದರೆ ಮನೆಯೇ ಪಕ್ಕಕ್ಕೆ ಸರಿಯಲಿ. ಬಾವಾ ಮತ್ತು ಅವನ ಜೊತೆಗಾರ ಉಲ್ರಿಕ್ ಪ್ಲೆಸ್ನರ್ ಪೊಲೊಂತಲಾವ ಎಂಬಲ್ಲಿ ತೆಂಗಿನ ಎಸ್ಟೇಟಿನ ಮ್ಯಾನೇಜರಿಗೆ ಬಂಗಲೆ ಕಟ್ಟುವಾಗ ಹೀಗೇ ಮಾಡಿದರು. ಆನೆಗಾತ್ರದ ಬಂಡೆಗಳಿದ್ದ ಜಾಗವನ್ನೇ ಆರಿಸಿಕೊಂಡರು, ಒಂದನ್ನೂ ಒಡೆಸದೆ ನಡುವೆ ಗೂಟ ನೆಟ್ಟು ಹಗ್ಗ ಎಳೆದು ನೆಲದ ಮೇಲೆಯೇ ಮನೆ ಬರೆದರು. ಬಂಡೆಗಳೇ ಅರ್ಧ ಗೋಡೆಯಾದವು.

ನೀನೂ ಹಾಗೇ ಮಾಡು. ಕಂಪ್ಯೂಟರಿನ ನಕ್ಷೆ ಆಮೇಲೆ ಬರಲಿ, ಪಂಚಾಯಿತಿಯ ಮಂಜೂರಾತಿಗೆ ಅದು ಬೇಕೇ ಬೇಕು. ಅದಕ್ಕೆ ಮುಂಚೆ ಚಿತ್ತಿರೈ ತಿಂಗಳ ಸುಡುಬಿಸಿಲಿನಲ್ಲಿ ವಾಸ್ತುಶಿಲ್ಪಿಯನ್ನೂ ಮೇಸ್ತ್ರಿಯನ್ನೂ ಇಬ್ಬರನ್ನೂ ಕರೆತಾ. ಸುಣ್ಣದ ಪುಡಿಯಲ್ಲಿ ಕೋಣೆಗಳನ್ನು ನೆಲದ ಮೇಲೆ ಎಳೆಸಿ, ಹಜಾರವೆಂದು ಬರೆದ ಜಾಗದಲ್ಲಿ ಚಾಪೆ ಹಾಸಿಕೊಂಡು ಮಧ್ಯಾಹ್ನ ಮೂರು ಗಂಟೆಗೆ ಕೂತು ನೋಡಿ. ಯಾವ ಗೆರೆ ಎಲ್ಲಿ ಸರಿಯಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಮೇಸ್ತ್ರಿ ಓದಿದವನಲ್ಲವೆಂದು ಅವನ ಮಾತು ತಳ್ಳಿಹಾಕಬೇಡ, ಹಾಗೆಂದು ಎಲ್ಲವನ್ನೂ ಅವನ ಕೈಗೆ ಬಿಟ್ಟು ಬೆಂಗಳೂರಿಗೂ ಹೋಗಬೇಡ.

ಮನೆ ಚಿಕ್ಕದಾಗಿರಲಿ. ವರ್ಷಕ್ಕೆ ಎಷ್ಟು ದಿನ ಇಲ್ಲಿರುತ್ತೀರೆಂದು ಪ್ರಾಮಾಣಿಕವಾಗಿ ಎಣಿಸಿ. ಬೀಗ ಬಿದ್ದ ದೊಡ್ಡ ಮನೆಗಿಂತ ದೀಪ ಹಚ್ಚುವವರಿರುವ ಸಣ್ಣ ಮನೆ ಮೇಲು. ಮೊದಲು ಒಂಬತ್ತು ನೂರು ಸಾವಿರ ಚದರಡಿ ಕಟ್ಟಿ, ಮುಂದೆ ಕೋಣೆ ಸೇರಿಸುವ ಕಡೆ ಗೋಡೆಯಲ್ಲಿ ಹಲ್ಲು ಬಿಟ್ಟಿರಿ. ತೋಟ ನೋಡಿಕೊಳ್ಳುವ ಸಂಸಾರಕ್ಕೆ ಹೊರಗಿನ ಗುಡಿಸಲಲ್ಲ, ಅದೇ ಇಟ್ಟಿಗೆಯ, ಅದೇ ಸೂರಿನ ಗಟ್ಟಿ ಮನೆ ಕೊಡಿ. ನೀವಿಲ್ಲದ ತಿಂಗಳುಗಳಲ್ಲಿ ನಿಮ್ಮ ಮನೆಯನ್ನು ಕಾಯುವವರು ಅವರು. ಕೈಯಲ್ಲಿರುವ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲನ್ನು ಮರ, ನೀರು, ಮುಂದಿನ ರಿಪೇರಿಗೆಂದು ಮುಟ್ಟದೆ ಎತ್ತಿಡಿ.

ಐಪ್ಪಸಿ ಮಳೆ ಶುರುವಾಗುವ ಮುಂಚೆ ಪಡುವಣ ಸಾಲಿಗೆ ಗುಂಡಿ ತೋಡಿಸಿಡುತ್ತೇನೆ. ಮೂರಡಿ ಗುಂಡಿ, ಗೊಬ್ಬರ ತುಂಬಿಸಿ ಆರಲು ಬಿಡಬೇಕು. ಕೊಡೈ ಬೆಟ್ಟ ಕಾಣುವ ಕಂಡಿ ಎಲ್ಲಿ ಬಿಡಬೇಕೆಂಬುದನ್ನು ಮಾತ್ರ ನೀನೇ ಬಂದು ನಿಂತು ನೋಡಿ ಹೇಳಬೇಕು, ಅದಕ್ಕೆ ನನ್ನ ಕಣ್ಣು ಸಾಲದು. ಬೇವು ಎಷ್ಟು, ಹೊಂಗೆ ಎಷ್ಟು ಎಂದು ಈ ತಿಂಗಳೊಳಗೆ ತಿಳಿಸು, ನರ್ಸರಿಯವರಿಗೆ ಮುಂಗಡ ಕೊಡಬೇಕು. ಅಳಿಯಂದಿರಿಗೆ ನಮ್ಮ ನಮಸ್ಕಾರ ಹೇಳು, ಮಕ್ಕಳಿಗೆ ಆಶೀರ್ವಾದ.

ನಿನ್ನ
ದೊಡ್ಡಪ್ಪ